ಮಲ್ಲಯುದ್ಧದಲ್ಲಿ ಹಿರಿದು ಯಾವದು?

(ಹಿರೇಕೊಟ್ನೆಕಲ್ಲಿನಲ್ಲಿ ಊರ ಹಿರಿಯರ, ಶಿಕ್ಷಕರ ಹಾಗೂ ತರುಣರ ಮುಂದೆ ಮಾಡಿದ ಭಾಷಣ)



ನಾವು ಈ ಸಭೆಗೆ ಕುಸ್ತಿಯ ವಿಷಯವನ್ನು ಆರಿಸಿಕೊಂಡಿರುವದನ್ನು ಕೇಳಿ ಕೆಲವರಿಗೆ ಸೋಜಿಗವೆನಿಸಿರಬಹುದು. ಕುಸ್ತಿಯಲ್ಲಿ ಭಾಷಣ ಮಾಡತಕ್ಕುದೇನಿದೆ? ಇಬ್ಬರು ಹಿಡಿಯುವರು, ಒಬ್ಬನು ಬೀಳುವನು, ಹಲಗೆ ಬಾರಿಸುವದು ನಿಲ್ಲುವದು, ಜನರು ಮನೆಗೆ ಹೋಗುವರು. ಆದರೆ ನಿಜವಾಗಿ ನೋಡಿದರೆ ಮಾತು ಮೊದಲಾಗುವದು ಅಲ್ಲಿಂದಲೇ. ಯಾವ ಊರಿನ ಕಟ್ಟೆಗೆ ಹೋದರೂ ಸರಿಯೆ, ಹತ್ತು ವರುಷದ ಹಿಂದಿನ ಜಾತ್ರೆಯಲ್ಲಿ ಯಾರು ಯಾರನ್ನು ಯಾವ ಪಟ್ಟಿನಿಂದ ಕೆಡವಿದರೆಂಬ ವಾದವು ಇಂದಿಗೂ ನಡೆದೇ ಇರುವದು. ಹಾಗೆ ಬಿದ್ದವನು ನಿಜಕ್ಕೂ ಬಿದ್ದಿದ್ದನೆ, ಹೆಗಲು ನೆಲಕ್ಕೆ ಮುಟ್ಟಿತ್ತೆ ಎಂದು ಕೇಳುವವರೂ ಉಂಟು. ಜನರು ಇಷ್ಟು ಕಾಲ ನೆನಪಿನಲ್ಲಿಟ್ಟುಕೊಂಡ ಸಂಗತಿಯನ್ನು ಕ್ಷುಲ್ಲಕವೆಂದು ತಳ್ಳಿಹಾಕಲಾಗದು.

ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸುವೆವು. ನಾವು ಲಂಗೋಟಿ ಕಟ್ಟಿ ಹೆಸರು ಗಳಿಸಿದವರಲ್ಲ. ಕಣದ ಸುತ್ತ ಕುಳಿತು ಕೂಗಿದವರು. ಇಂಥವರಿಗೆ ತೀರ್ಪು ಕೊಡುವ ಅಧಿಕಾರವೆಲ್ಲಿಯದು ಎಂದರೆ, ಅಡಿಗೆ ಮಾಡಲು ಬಾರದವನಿಗೂ ಸಾರಿನಲ್ಲಿ ಉಪ್ಪು ಹೆಚ್ಚಾದದ್ದು ತಿಳಿಯುವದಷ್ಟೆ. ನೋಡುವವರಿಲ್ಲದೆ ಕುಸ್ತಿಯಿಲ್ಲ. ಅಷ್ಟೇ ಅಲ್ಲ, ನೋಡುವವರು ಎಂಥವರೋ ಅಂಥದೇ ಕುಸ್ತಿಯು ಆ ಊರಿನಲ್ಲಿ ಬೆಳೆಯುವದು. ಇದೇ ನಮ್ಮ ಇಂದಿನ ಭಾಷಣದ ತಿರುಳು. ಆದುದರಿಂದ ಹಿರಿಯ ಕುಸ್ತಿ ಯಾವದೆಂಬ ಪ್ರಶ್ನೆಯು ಬರಿಯ ಹರಟೆಯ ಪ್ರಶ್ನೆಯಲ್ಲ; ನಾವು ಯಾವದನ್ನು ಹಿರಿದೆಂದು ಮೆಚ್ಚುವೆವೋ ಅದನ್ನೇ ನಮ್ಮ ಮಕ್ಕಳು ಕಲಿಯುವರು.

ತೂಗುವದಕ್ಕೆ ತಕ್ಕಡಿ ಬೇಕು. ನಮ್ಮ ತಕ್ಕಡಿಯಲ್ಲಿ ನಾಲ್ಕು ಬಟ್ಟುಗಳಿವೆ. ಒಂದನೆಯದು ಸರಿಜೋಡು: ಬಲವೂ ಚಾತುರ್ಯವೂ ಸರಿದೂಗುವ ಇಬ್ಬರು ಎದುರಾಗಬೇಕು. ಎರಡನೆಯದು ನಿಯಮ: ಹಿಡಿಯುವ ಮುಂಚೆ ಒಪ್ಪಿದ ಕಟ್ಟಳೆಯನ್ನು ಸೋಲುವ ಹೊತ್ತಿನಲ್ಲಿಯೂ ಮುರಿಯಬಾರದು. ಮೂರನೆಯದು ನಿಜ: ಗೆಲವು ಸೋಲುಗಳು ಕಣದಲ್ಲಿ ತೀರಬೇಕಲ್ಲದೆ ಹಿಂದಿನ ರಾತ್ರಿ ಕೋಣೆಯಲ್ಲಿ ತೀರಿರಬಾರದು. ನಾಲ್ಕನೆಯದು ನಡತೆ: ಗೆದ್ದವನು ಬಿದ್ದವನನ್ನು ಹೇಗೆ ಕಂಡನು, ಬಿದ್ದವನು ಸೋಲನ್ನು ಹೇಗೆ ಹೊತ್ತನು ಎಂಬದು. ಈ ನಾಲ್ಕರಲ್ಲಿ ಒಂದು ಕಡಿಮೆಯಾದರೂ ಕುಸ್ತಿಯು ದೊಡ್ಡದೆನಿಸಬಹುದು, ಹಿರಿದೆನಿಸಲಾರದು.

ಈ ವಿದ್ಯೆಯು ನಮಗೆ ಹೊರಗಿನಿಂದ ಬಂದುದಲ್ಲ. ಕೃಷ್ಣೆ ತುಂಗಭದ್ರೆಗಳ ನಡುವಿನ ನಮ್ಮ ಎಡೆದೊರೆಯ ನಾಡನ್ನು ಆಳಿದ ಕಲ್ಯಾಣದ ಚಾಲುಕ್ಯರ ಬಿರುದುಗಳನ್ನು ನೆನೆಯಿರಿ: ಜಗದೇಕಮಲ್ಲ, ಆಹವಮಲ್ಲ, ತ್ರಿಭುವನಮಲ್ಲ, ಭೂಲೋಕಮಲ್ಲ. ಅರಸನು ತನ್ನನ್ನು ಜಟ್ಟಿಯೆಂದು ಕರೆದುಕೊಂಡು ಹೆಮ್ಮೆಪಟ್ಟ ನಾಡಿದು. ಇವರಲ್ಲಿ ಭೂಲೋಕಮಲ್ಲನಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅದರಲ್ಲಿ ಮಲ್ಲವಿನೋದವೆಂಬ ಒಂದು ಭಾಗವೇ ಇರುವದು. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳ ಮೇಲಿಂದ ವರ್ಗಮಾಡುವ ಕ್ರಮವನ್ನೂ, ಅವರು ಮಾಡತಕ್ಕ ಸಾಮನ್ನೂ, ಅರಸನು ಅವರಿಗೆ ಒದಗಿಸತಕ್ಕ ಬೇಳೆ, ಮಾಂಸ, ಹಾಲು, ಸಕ್ಕರೆ, ಭಕ್ಷ್ಯಗಳನ್ನೂ ಅಲ್ಲಿ ಹೇಳಿದೆ. ಸರಿಜೋಡು ಕಟ್ಟಬೇಕೆಂಬ ವಿಚಾರವು ಇಂದಿನ ತೂಕದ ವರ್ಗಗಳಿಗಿಂತ ಎಷ್ಟೋ ಮೊದಲು ಕಲ್ಯಾಣದಲ್ಲಿ ಬರಹಕ್ಕೆ ಇಳಿದಿತ್ತೆಂಬದನ್ನು ನಮ್ಮ ಶಿಕ್ಷಕರು ಮಕ್ಕಳಿಗೆ ಹೇಳಬೇಕು.

ಇನ್ನು ವಿಜಯನಗರ. 1520ರ ಸುಮಾರಿಗೆ ಬಂದ ಪೋರ್ತುಗೀಜ ಪ್ರವಾಸಿ ಪಾಯೆಸನು ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ಬೆಳಕು ಹರಿಯುವ ಮುಂಚೆ ರಾಯನು ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಎಣ್ಣೆ ಹಚ್ಚಿಕೊಂಡು, ಮಣ್ಣಿನ ಭಾರವಾದ ಗುಂಡುಗಳನ್ನೆತ್ತಿ, ಎಣ್ಣೆಯೆಲ್ಲ ಬೆವರಾಗಿ ಇಳಿಯುವ ತನಕ ಕತ್ತಿಯ ಸಾಮು ಮಾಡಿ, ಆಮೇಲೆ ತನ್ನ ಜಟ್ಟಿಗಳಲ್ಲೊಬ್ಬನೊಡನೆ ಕುಸ್ತಿ ಹಿಡಿಯುತ್ತಿದ್ದನಂತೆ; ಅದು ಮುಗಿದ ಮೇಲೆ ಕುದುರೆಯೇರುತ್ತಿದ್ದನಂತೆ. ಅದೇ 1520ರಲ್ಲಿ ರಾಯಚೂರ ಕೋಟೆಯನ್ನು ಗೆದ್ದ ರಾಯನೇ ಇವನು. ಚಕ್ರವರ್ತಿಯು ದಿನವೂ ಮೈಗೆ ಮಣ್ಣು ಹತ್ತಿಸಿಕೊಳ್ಳಲು ನಾಚಲಿಲ್ಲ. ಇಂದು ನಾಲ್ಕು ಅಕ್ಷರ ಕಲಿತ ಕೂಡಲೇ ಅಂಗಿಯ ಇಸ್ತ್ರಿ ಕೆಟ್ಟೀತೆಂದು ಗರಡಿಯ ಬಾಗಿಲಿಗೆ ಬಾರದ ನಮ್ಮ ತರುಣರು ಇದನ್ನು ವಿಚಾರಿಸಬೇಕು.

ತರುವಾಯ ಬಂದ ನೂನಿಜನು ಮಹಾನವಮಿಯ ಕಾಳಗಗಳ ವಿಷಯವಾಗಿ ಬರೆದಿರುವನು. ಸಾವಿರ ಜಟ್ಟಿಗಳಿದ್ದರು, ಅವರು ಕೈಯಲ್ಲಿ ಮುಳ್ಳುಗಳುಳ್ಳ ಬಳೆಗಳನ್ನು ಹಿಡಿದು ಒಬ್ಬರನ್ನೊಬ್ಬರು ಗಾಯಪಡಿಸುತ್ತಿದ್ದರು, ಹೆಚ್ಚು ಗಾಯಗೊಂಡವನಿಗೆ ಅರಸನು ರೇಶಿಮೆಯ ಬಟ್ಟೆ ಕೊಡುತ್ತಿದ್ದನು ಎಂದು. ಈ ಕೊನೆಯ ಮಾತನ್ನು ಗಮನಿಸಿರಿ. ಬಹುಮಾನವು ಹೆಚ್ಚು ನೊಂದವನಿಗೆ! ಮೈಸೂರಿನ ದಸರೆಯಲ್ಲಿ ಇಂದಿಗೂ ವಿಜಯದಶಮಿಯ ದಿನ ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವು ಇದೇ ಕುಲದ್ದು. ತಲೆ ಬೋಳಿಸಿಕೊಂಡ ಜಟ್ಟಿಗಳು ಬಲಗೈಗೆ ವಜ್ರಮುಷ್ಟಿ ತೊಟ್ಟು ಎದುರಾಗುವರು. ಒಬ್ಬನ ತಲೆಯಿಂದ ಮೊದಲ ನೆತ್ತರ ಹನಿಯು ಕಂಡೊಡನೆ ಕಾಳಗವು ಮುಗಿಯಿತು. ಕ್ರೂರವೆಂದು ಇದನ್ನು ಹಳಿಯುವವರುಂಟು. ಆದರೆ ಆಯುಧದ ಕ್ರೌರ್ಯವನ್ನು ನಿಯಮವು ಹೇಗೆ ಒಂದೇ ಹನಿಗೆ ಕಟ್ಟಿಹಾಕಿತೆಂಬದನ್ನು ಅವರು ನೋಡುವದಿಲ್ಲ. ಎಲ್ಲಿ ನಿಲ್ಲಿಸಬೇಕೆಂಬದನ್ನು ಬಲ್ಲುದೇ ವಿದ್ಯೆ, ಬಲ್ಲದ್ದಲ್ಲದ್ದು ಬಡಿದಾಟ.

ಮೈಸೂರಿನ ಮಾತು ಬಂದ ಮೇಲೆ ರಣಧೀರ ಕಂಠೀರವನನ್ನು ಬಿಡುವಂತಿಲ್ಲ. 1638ರಿಂದ 1659ರ ವರೆಗೆ ಆಳಿದ ಈ ಅರಸನು ಪಟ್ಟಕ್ಕೆ ಬರುವ ಮೊದಲು ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ, ಊರಬಾಗಿಲಿಗೆ ತನ್ನ ಚಲ್ಲಣವನ್ನು ಕಟ್ಟಿ ಎಲ್ಲರನ್ನೂ ಕೆಣಕುತ್ತಿದ್ದ ಜಟ್ಟಿಯೊಬ್ಬನನ್ನು ಅಳಿಸಿ, ಹೆಸರು ಹೇಳದೆ ತಿರುಗಿ ಬಂದನೆಂಬದು ಐತಿಹ್ಯ. 1960ರಲ್ಲಿ ರಾಜಕುಮಾರರು ನಟಿಸಿದ ಚಿತ್ರದಿಂದ ಈ ಕತೆಯು ಮನೆಮನೆಗೂ ಮುಟ್ಟಿತು. ಎಲ್ಲರೂ ಆ ಗೆಲವನ್ನು ಕೊಂಡಾಡುವರು. ನಮಗಾದರೋ ಗೆಲವಿಗಿಂತ, ಬಹುಮಾನಕ್ಕೆ ಕಾಯದೆ ಹಿಂದಿರುಗಿದ ಆ ನಡೆಯೇ ಹಿರಿದೆನಿಸುವದು.

ಕಾವ್ಯದಲ್ಲಿಯ ಕಾಳಗವನ್ನು ಈಗ ನೋಡೋಣ. ಮುಧೋಳದ ರನ್ನನು ಸಾವಿರ ವರುಷಗಳ ಹಿಂದೆ ಬರೆದ 'ಗದಾಯುದ್ಧ'ಕ್ಕಿಂತ ಮಿಗಿಲಾದ ದ್ವಂದ್ವವು ಕನ್ನಡದಲ್ಲಿಲ್ಲವೆಂದು ನಮ್ಮ ಮತ. ಸರಿಜೋಡೆಂದರೆ ಅದು. ಭೀಮನಿಗೆ ಬಲವು ಹೆಚ್ಚು, ದುರ್ಯೋಧನನಿಗೆ ಕೈಚಳಕವು ಹೆಚ್ಚು. ಆದರೂ ಕತೆ ಕೇಳಿದ ಹುಡುಗನು ಕೊನೆಗೆ ತಪ್ಪದೆ ಒಂದು ಪ್ರಶ್ನೆ ಕೇಳುವನು: ನಾಭಿಯ ಕೆಳಗೆ ಹೊಡೆಯಬಾರದೆಂಬ ನಿಯಮವಿದ್ದಾಗ ಭೀಮನು ತೊಡೆಗೆ ಹೊಡೆದದ್ದೇಕೆ? ಪ್ರತಿಜ್ಞೆಗಾಗಿ ಎಂದು ನಾವು ಉತ್ತರಿಸುವೆವು. ಹುಡುಗನು ಸುಮ್ಮನಾಗುವನು, ಆದರೆ ಒಪ್ಪುವದಿಲ್ಲ. ಭಾರತದಲ್ಲಿ ಬಲರಾಮನೂ ಒಪ್ಪಲಿಲ್ಲ. ನ್ಯಾಯವು ಭೀಮನ ಕಡೆಗಿದ್ದರೂ ನಿಯಮವು ಅವನ ಕಡೆಗಿರಲಿಲ್ಲ. ಆದುದರಿಂದಲೇ ಗೆದ್ದ ಭೀಮನಿಗಿಂತ ಬಿದ್ದ ದುರ್ಯೋಧನನ ಮೇಲೆ ಓದುಗನ ಮನಸ್ಸು ಹೆಚ್ಚು ಕಾಲ ನಿಲ್ಲುವದು. ನಿಯಮ ಮುರಿದ ಗೆಲವು ಬಿದ್ದವನನ್ನೇ ಎತ್ತಿ ಹಿಡಿಯುವದೆಂಬ ಪಾಠವನ್ನು ಕುಸ್ತಿಯ ಪಂಚರು ಈ ಕತೆಯಿಂದ ಕಲಿಯಬೇಕು.

ಇನ್ನು ನಮ್ಮ ಹಿರಿಯರು ಬಾಯಿತುಂಬ ಹೇಳುತ್ತಿದ್ದ ಗಾಮಾನ ಕುಸ್ತಿಗೆ ಬರುವೆವು. 1910ರಲ್ಲಿ ಗಾಮಾನು ತಮ್ಮನಾದ ಇಮಾಮ ಬಕ್ಷನೊಡನೆ ಲಂಡನ್ನಿಗೆ ಹೋದನು. ಆಳು ಎತ್ತರದಲ್ಲಿ ಸಾಧಾರಣ. ಆಗಸ್ಟಿನಲ್ಲಿ ಅಮೇರಿಕದ ರೋಲರನನ್ನು ಎರಡು ಸಾರೆ ಕೆಡವಿದನು. ಸೆಪ್ಟೆಂಬರ 10ನೆಯ ದಿನ ಪೋಲಂಡಿನ ಜಿಬಿಸ್ಕೋನು ಎದುರಾದನು. ಮೊದಲ ನಿಮಿಷದಲ್ಲಿಯೇ ಗಾಮಾನು ಅವನನ್ನು ನೆಲಕ್ಕೆ ತಂದನು. ಜಿಬಿಸ್ಕೋನು ಬೋರಲು ಬಿದ್ದವನು ಏಳಲೂ ಇಲ್ಲ, ಮಗ್ಗುಲಾಗಲೂ ಇಲ್ಲ. ಎರಡೂವರೆ ತಾಸಿಗೂ ಮೇಲೆ ಗಾಮಾನು ಆ ಗುಡ್ಡವನ್ನು ತಿರುವಲು ಹೆಣಗಿದನು. ಕುಸ್ತಿಯು ಸಮವೆಂದು ಸಾರಲ್ಪಟ್ಟಿತು. ಒಂದು ವಾರದ ಮೇಲೆ ಮತ್ತೆ ಹಿಡಿಯಬೇಕೆಂದು ಗೊತ್ತಾಗಿತ್ತು. ಜಿಬಿಸ್ಕೋನು ಬರಲೇ ಇಲ್ಲ. ಪಟ್ಟವು ಗಾಮಾನಿಗೆ ಸಂದಿತು.

ಹದಿನೇಳು ವರುಷಗಳು ಕಳೆದವು. 1928ರ ಜನವರಿಯಲ್ಲಿ ಪತಿಯಾಲಾದಲ್ಲಿ ಅವರಿಬ್ಬರೂ ಮತ್ತೆ ಎದುರಾದರು. ಇಬ್ಬರಿಗೂ ಐವತ್ತರ ಸಮೀಪದ ವಯಸ್ಸು. ಈ ಸಾರೆ ಒಂದು ನಿಮಿಷವೂ ಹಿಡಿಯಲಿಲ್ಲ. ಜಿಬಿಸ್ಕೋನು ಬೆನ್ನ ಮೇಲೆ ಬಿದ್ದನು. ಈ ಎರಡರಲ್ಲಿ ಹಿರಿದು ಯಾವದು? ಜನರು ಪತಿಯಾಲಾದ್ದೆನ್ನುವರು, ಯಾಕಂದರೆ ಅಲ್ಲಿ ನಿಕಾಲಿಯಾಯಿತು. ನಮ್ಮ ಅಭಿಪ್ರಾಯವು ಬೇರೆ. ಲಂಡನ್ನಿನದು ನೋಡಲು ಬೇಸರದ ಕುಸ್ತಿ, ಪತಿಯಾಲಾದ್ದು ನೋಡಿ ಮುಗಿಸುವದರೊಳಗೆ ಮುಗಿದ ಕುಸ್ತಿ. ಬಿಡಿಬಿಡಿಯಾಗಿ ಯಾವದೂ ಹಿರಿದಲ್ಲ. ಎರಡನ್ನೂ ಕೂಡಿಸಿದರೆ ಮಾತ್ರ ಹದಿನೇಳು ವರುಷ ನಡೆದ ಒಂದೇ ಕುಸ್ತಿಯಾಗುವದು. ಮೊದಲ ದಿನ ಸೋಲದಿರಲು ಮಲಗಿದವನು, ಒಮ್ಮೆ ಬಾರದೆ ಉಳಿದವನು, ಕಡೆಗೆ ತಾನೇ ಕಡಲು ದಾಟಿ ಎದುರಾಳಿಯ ನೆಲಕ್ಕೆ, ಎದುರಾಳಿಯ ಮಣ್ಣಿಗೆ ಬಂದು ನಿಂತನು. ಗಾಮಾನ ಗೆಲವನ್ನು ಎಲ್ಲರೂ ಹೊಗಳಿದ್ದಾರೆ. ಜಿಬಿಸ್ಕೋನು ತಿರುಗಿ ಬಂದುದನ್ನು ಹೊಗಳುವವರು ಕಡಿಮೆ, ನಾವು ಹೊಗಳುವೆವು. ಬಾಕಿಯನ್ನು ತೀರಿಸಲು ಬಂದ ಸಾಲಗಾರನಿಗೆ ಮರ್ಯಾದೆಯುಂಟು.

ಪಂಜಾಬವನ್ನು ಬಿಟ್ಟು ನಮ್ಮ ನಾಡಿಗೆ ತಿರುಗೋಣ. ಕರ್ನಾಟಕವು ಹರಿದು ಹಂಚಿಹೋಗಿದ್ದ ದಿನಗಳಲ್ಲಿ ಕನ್ನಡ ಪೈಲವಾನರ ದಾರಿಗಳೂ ಹರಿದು ಹಂಚಿಹೋಗಿದ್ದವು. ಮೈಸೂರಿನವನಿಗೆ ಗರಡಿ, ಜಟ್ಟಿ, ದಸರೆಯ ಕಣ. ಬೆಳಗಾವಿ ಸೀಮೆಯವನಿಗೆ ತಾಲೀಮು, ಉಸ್ತಾದ, ಶಾಹೂ ಮಹಾರಾಜರ ಕೊಲ್ಹಾಪುರ. 1912ರಲ್ಲಿ ಅಲ್ಲಿ ಕಟ್ಟಿದ ಖಾಸಬಾಗ ಮೈದಾನದಲ್ಲಿ ಮೆರೆಯುವದೇ ಅವನ ಕನಸು. ನಿಜಾಮರ ಆಳಿಕೆಯಲ್ಲಿದ್ದ ನಮ್ಮ ರಾಯಚೂರ ಸೀಮೆಯವನ ಮೋರೆ ಹೈದರಾಬಾದಿನ ಕಡೆಗೆ. ಒಂದೇ ಪಟ್ಟಿಗೆ ಮೂರು ಕಡೆ ಮೂರು ಹೆಸರು. ಒಬ್ಬರ ಹೆಸರನ್ನು ಇನ್ನೊಬ್ಬರು ಕೇಳಿದವರಲ್ಲ. 1956ರ ನವೆಂಬರ 1ರಂದು ನಾಡು ಒಂದಾಯಿತು. ಇಂದು ಮೈಸೂರಿನ ದಸರೆಯ ಕಣದಲ್ಲಿ ಬೆಳಗಾವಿ, ಬಾಗಿಲಕೋಟೆ, ಧಾರವಾಡ, ದಾವಣಗೆರೆಯ ಪೈಲವಾನರು ದಸರಾ ಕಂಠೀರವ, ದಸರಾ ಕೇಸರಿ ಎಂಬ ಬಿರುದುಗಳಿಗಾಗಿ ಹಿಡಿಯುವರು. ನಾಡು ಒಂದಾದುದರ ಫಲವನ್ನು ಗ್ರಂಥಗಳಲ್ಲಿ ಹುಡುಕಬೇಕಿಲ್ಲ. ಈ ಕಣದ ಮಣ್ಣಿನಲ್ಲಿ ಕಾಣಬಹುದು.

ಆ ಹಳೆಯ ಹಂಚಿಕೆಯ ನೆನಪಾಗಿ ಒಬ್ಬರ ಹೆಸರನ್ನು ಹೇಳಲೇಬೇಕು. ಚಿಕ್ಕೋಡಿ ತಾಲೂಕಿನ ಏಕಸಂಬೆಯಲ್ಲಿ ಹುಟ್ಟಿದ ಶ್ರೀಪತಿ ಖಂಚನಾಳೆಯವರು ಕೊಲ್ಹಾಪುರದ ಮಣ್ಣಿನಲ್ಲಿ ಬೆಳೆದು, 1959ರಲ್ಲಿ ದಿಲ್ಲಿಯಲ್ಲಿ ಪಂಜಾಬದ ಬಂಟಾ ಸಿಂಗನನ್ನು ಕೆಡವಿ ಹಿಂದ ಕೇಸರಿಯಾದರು. 2020ರ ಡಿಸೆಂಬರಿನಲ್ಲಿ ಕೊಲ್ಹಾಪುರದಲ್ಲಿಯೇ ತೀರಿಕೊಂಡರು. ಮಹಾರಾಷ್ಟ್ರದವರು ಅವರನ್ನು ತಮ್ಮವರೆನ್ನುವರು, ಅದು ತಪ್ಪಲ್ಲ, ಸಾಕಿದವರಿಗೆ ಹಕ್ಕುಂಟು. ಆದರೆ ಹೆತ್ತ ನಾಡಿನ ಶಾಲೆಯ ಹುಡುಗನಿಗೆ ಅವರ ಹೆಸರೇ ತಿಳಿಯದಿದ್ದರೆ ತಪ್ಪು ಯಾರದು?

ಈಗ ಸ್ವಲ್ಪ ಕಟುವಾದ ವಿಷಯ. 1950ರ ಮುಂದೆ ದಾರಾ ಸಿಂಗ ಹಾಗೂ ಕಿಂಗ ಕಾಂಗ ಇವರ ಕುಸ್ತಿಗಳು ಊರೂರಿನಲ್ಲಿ ಜನರನ್ನು ಹುಚ್ಚೆಬ್ಬಿಸಿದವು. ಮದ್ದಾನೆಯಂಥ ಕಿಂಗ ಕಾಂಗನನ್ನು ದಾರಾ ಸಿಂಗನು ಹೆಗಲ ಮೇಲೆತ್ತಿದ ಚಿತ್ರವನ್ನು ಕಾಣದವರಿಲ್ಲ. 1968ರಲ್ಲಿ ಮುಂಬಯಿಯಲ್ಲಿ ಅವನು ಅಮೇರಿಕದ ಲೂ ಥೆಜನನ್ನು ಸೋಲಿಸಿದನು. ಮುಂದೆ ದೂರದರ್ಶನದ ರಾಮಾಯಣದಲ್ಲಿ ಹನುಮಂತನಾಗಿ ಕೈಮುಗಿಸಿಕೊಂಡನು. ದಾರಾ ಸಿಂಗನ ಮೈಬಲದಲ್ಲಿ ನಮಗೆ ಸಂಶಯವಿಲ್ಲ. ಆದರೆ ಹಗ್ಗದ ಕಟಕಟೆಯೊಳಗಿನ ಆ ಧಂದೆಯ ಕುಸ್ತಿಯಲ್ಲಿ ಯಾರು ಗೆಲ್ಲಬೇಕೆಂಬದು ಬಹುಮಟ್ಟಿಗೆ ಮೊದಲೇ ಗೊತ್ತಾಗಿರುವದು. ಇಂದು ಟೀವಿಯಲ್ಲಿ ಮಕ್ಕಳು ನೋಡುವ ಅಮೇರಿಕದ ಕುಸ್ತಿಯೂ ಹಾಗೆಯೇ. ಇದನ್ನು ಮೋಸವೆನ್ನಬೇಕೆ? ನಮ್ಮ ಊರುಗಳಲ್ಲಿ ದೊಡ್ಡಾಟವಾಗುವದು. ಭೀಮನು ರಾತ್ರಿಯೆಲ್ಲ ಕುಣಿದು ಬೆಳಗಾಗುವದರೊಳಗೆ ದುರ್ಯೋಧನನನ್ನು ಕೊಲ್ಲುವನು. ಮುಂದಿನ ವರುಷವೂ ಕೊಲ್ಲುವನು. ಯಾರೂ ಫಿರ್ಯಾದಿ ಕೊಡುವದಿಲ್ಲ, ಯಾಕಂದರೆ ಅದನ್ನು ಆಟವೆಂದೇ ಕರೆದಿದ್ದಾರೆ. ಧಂದೆಯ ಕುಸ್ತಿಯೂ ಆಟವೇ. ಬೀಳುವದಕ್ಕೂ ಬೀಳಿಸಿಕೊಳ್ಳುವದಕ್ಕೂ ಅದರಲ್ಲಿ ಕಸುಬು ಬೇಕು. ಆಟವನ್ನು ಆಟವೆಂದು ಮಾರಿದರೆ ಕಲೆ. ಕುಸ್ತಿಯೆಂದು ಮಾರಿದರೆ ಮೋಸ.

ಇವೆರಡನ್ನೂ ಬೆರಸಿದರೆ ಏನಾಗುವದೆಂಬದಕ್ಕೆ ಜಪಾನದ ಇನೋಕಿಯ ಚರಿತ್ರೆಯೇ ಸಾಕ್ಷಿ. 1976ರ ಜೂನಿನಲ್ಲಿ ಟೋಕಿಯೋದಲ್ಲಿ ಅವನು ಮುಷ್ಟಿಮಲ್ಲ ಮಹಮ್ಮದ ಅಲಿಯೊಡನೆ ಹಿಡಿದನು. ಇವನ ವಿದ್ಯೆ ಬೇರೆ, ಅವನ ವಿದ್ಯೆ ಬೇರೆ. ಇಬ್ಬರಿಗೂ ಹೊಂದುವ ನಿಯಮವಿರಲಿಲ್ಲ. ಇನೋಕಿಯು ಬೆನ್ನ ಮೇಲೆ ಮಲಗಿ ಅಲಿಯ ಕಾಲುಗಳಿಗೆ ಒದೆಯುತ್ತ ಹದಿನೈದು ಸುತ್ತುಗಳನ್ನು ಕಳೆದನು; ಸಮವಾಯಿತು, ಜನರು ಹಣ ಹೋಯಿತೆಂದು ಗೊಣಗಿದರು. ಅದೇ ಡಿಸೆಂಬರಿನಲ್ಲಿ ಕರಾಚಿಯಲ್ಲಿ ಗಾಮಾನ ಮನೆತನದ ಅಕ್ರಮನು ಎದುರಾದನು. ಅದು ಆಟವಾಗಿ ಉಳಿಯಲಿಲ್ಲ. ಅಕ್ರಮನ ತೋಳು ಮುರಿಯಿತು. 1979ರಲ್ಲಿ ಲಾಹೋರಿನಲ್ಲಿ ಅದೇ ಮನೆತನದ ಎಳೆಯ ಹುಡುಗ ಝಾರಾನು ಇನೋಕಿಯ ಮುಂದೆ ನಿಂತನು. ಕಡೆಗೆ ಇನೋಕಿಯು ತಾನೇ ಹುಡುಗನ ಕೈಯನ್ನು ಮೇಲೆತ್ತಿದನು. ಈ ಮೂರರಲ್ಲಿ ನಾವು ಮೂರನೆಯದನ್ನು ಮಾತ್ರ ನೆನಪಿನಲ್ಲಿಡುವೆವು. ನಾಲ್ಕನೆಯ ಬಟ್ಟು ತೂಗಿದ್ದು ಅಲ್ಲಿಯೇ.

ಮುಷ್ಟಿಯುದ್ಧದಲ್ಲಿ ನಮ್ಮ ಮಟ್ಟಿಗೆ ಒಂದೇ ಕಾಳಗವು ಸಾಕು. 1975ರ ಅಕ್ಟೋಬರ 1ರಂದು ಮನೀಲಾದಲ್ಲಿ ಅಲಿ ಹಾಗೂ ಜೋ ಫ್ರೇಜಿಯರ್ ಮೂರನೆಯ ಸಾರೆ ಎದುರಾದರು. 1971ರ ಮೊದಲನೆಯದರಲ್ಲಿ ಫ್ರೇಜಿಯರನೂ ಎರಡನೆಯದರಲ್ಲಿ ಅಲಿಯೂ ಗೆದ್ದಿದ್ದರು. ಬೇಗೆಯ ನಾಡು, ಬೇಗೆಯ ದಿನ. ಹದಿನಾಲ್ಕು ಸುತ್ತುಗಳು ಕಳೆದಾಗ ಫ್ರೇಜಿಯರನ ಕಣ್ಣುಗಳು ಬಾತು ಮುಚ್ಚಿಹೋಗಿದ್ದವು. ಅಲಿಗೂ ನಿಲ್ಲುವ ತ್ರಾಣವು ಉಳಿದಿರಲಿಲ್ಲ. ಉಳಿದದ್ದು ಒಂದೇ ಸುತ್ತು. ಫ್ರೇಜಿಯರನು ಹೋಗುವೆನೆಂದನು. ಅವನ ಉಸ್ತಾದನಾದ ಎಡ್ಡಿ ಫಚನು ಬೇಡವೆಂದು ಕಾಳಗವನ್ನು ನಿಲ್ಲಿಸಿದನು. ಮೂರು ನಿಮಿಷ ತಾಳಿದ್ದರೆ ಏನಾಗುತ್ತಿತ್ತೋ ಎಂದು ಇಂದಿಗೂ ವಾದಿಸುವವರಿದ್ದಾರೆ. ನಾವು ವಾದಿಸುವದಿಲ್ಲ. ಆ ದಿನದ ಅತ್ಯಂತ ದೊಡ್ಡ ಪಟ್ಟನ್ನು ಹಾಕಿದವನು ಕಟಕಟೆಯ ಮೂಲೆಯಲ್ಲಿದ್ದ ಆ ಉಸ್ತಾದನು. ಶಿಷ್ಯನ ಕೀರ್ತಿಗಿಂತ ಶಿಷ್ಯನ ಕಣ್ಣು ದೊಡ್ಡದೆಂದು ಅವನು ಬಲ್ಲನು. ಜಗತ್ತಿನ ಹಣದ ಮುಂದೆ ಹಾಗೆ ನಿಲ್ಲಿಸುವದಕ್ಕೆ ಎದೆ ಬೇಕು. ಮುಂದೆ ಅಲಿಯು ಬಹುಕಾಲ ಕೈನಡುಕದ ಬೇನೆಯಿಂದ ಬಳಲಿ 2016ರಲ್ಲಿ ತೀರಿಕೊಂಡುದನ್ನು ನೆನೆದಾಗ, ಇನ್ನೊಂದು ಸುತ್ತು ಬೇಕೆಂದು ಕೂಗುವ ನಮ್ಮಂಥ ನೋಟಕರು ತಲೆ ತಗ್ಗಿಸಬೇಕಾಗುವದು. ಮೈಸೂರಿನ ಜಟ್ಟಿಗಳ ಒಂದು ಹನಿಯ ನಿಯಮವು ಇಲ್ಲಿ ಮತ್ತೆ ನೆನಪಾಗುವದು.

ಕುಸ್ತಿಯು ಗಂಡಸರದೇ ಎನ್ನುವವರಿಗೆ ಇತಿಹಾಸವು ಬೇರೆ ಮಾತು ಹೇಳುವದು. ಹಮೀದಾ ಬಾನು ಎಂಬಾಕೆಯು ತನ್ನನ್ನು ಗೆದ್ದವನನ್ನು ಮದುವೆಯಾಗುವೆನೆಂದು ಪಣ ಸಾರಿ, 1954ರ ಮೇ ತಿಂಗಳಲ್ಲಿ ಬಡೋದೆಯಲ್ಲಿ ಬಾಬಾ ಪಹಲವಾನನನ್ನು ಎರಡು ನಿಮಿಷದೊಳಗೆ ಕೆಡವಿದಳು. ಆಕೆಯ ಕುಸ್ತಿಗಳಲ್ಲಿ ಕೆಲವು ಒಳಒಪ್ಪಂದದವೆಂದು ಆಗಲೇ ಜನರು ಆಡಿಕೊಂಡರು. ಗಂಡಸು ಹೆಂಗಸಿನಿಂದ ಬಿದ್ದನೆಂದು ನಂಬುವದಕ್ಕಿಂತ ಹಾಗೆ ಆಡಿಕೊಳ್ಳುವದು ಹಲವರಿಗೆ ಸುಲಭವಾಗಿದ್ದಿತು. ಈಗ ಆ ಸಂಶಯಕ್ಕೆ ಎಡೆಯಿಲ್ಲ. 2016ರಲ್ಲಿ ರಿಯೋ ನಗರದಲ್ಲಿ ಸಾಕ್ಷಿ ಮಲಿಕಳು ಐದು ಅಂಕಗಳಷ್ಟು ಹಿಂದೆ ಬಿದ್ದಿದ್ದವಳು ಕಡೆಯ ಗಳಿಗೆಯಲ್ಲಿ ಎದ್ದು 8ಕ್ಕೆ 5ರಿಂದ ಗೆದ್ದು ಕಂಚಿನ ಪದಕ ತಂದಳು.

2024ರ ಆಗಸ್ಟ 6ರಂದು ಪ್ಯಾರಿಸಿನಲ್ಲಿ ವಿನೇಶ ಫೋಗಟಳ ಎದುರಿಗೆ ಜಪಾನದ ಯುಯಿ ಸುಸಾಕಿಯು ನಿಂತಿದ್ದಳು. ಹೊರನಾಡಿನ ಯಾವ ಕುಸ್ತಿಗಾರ್ತಿಗೂ ಅಂದಿನ ವರೆಗೆ ಸೋತವಳಲ್ಲ ಆಕೆ. ವಿನೇಶಳು ಕೊನೆಯ ಸೆಕೆಂಡುಗಳ ವರೆಗೆ ತಾಳಿ, ಒಂದೇ ಒಂದು ಹಿಡಿತದಲ್ಲಿ 3ಕ್ಕೆ 2ರಿಂದ ಗೆದ್ದಳು. ತಾಳ್ಮೆಯೂ ಒಂದು ಪಟ್ಟೆಂಬದನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದ ಕುಸ್ತಿಯನ್ನು ನಾವು ಕಾಣೆವು. ಮರುದಿನ ಮುಂಜಾನೆ 50 ಕಿಲೋದ ಮೇಲೆ ನೂರು ಗ್ರಾಮು ಹೆಚ್ಚು ತೂಗಿದಳೆಂದು ಅಂತಿಮ ಪಂದ್ಯದಿಂದ ಆಕೆಯನ್ನು ಹೊರಗಿಟ್ಟರು. ನಾಡೆಲ್ಲ ಮರುಗಿತು, ನಾವೂ ಮರುಗಿದೆವು. ಆದರೂ ಭೀಮನ ಗದೆಯ ಮಾತನ್ನು ಆಡಿದವರು ಇಲ್ಲಿ ನಾಲಿಗೆಯನ್ನು ತಿರುಗಿಸಬಾರದು. ನಿಯಮವು ಕಟುವಾಗಿತ್ತೆನ್ನಬಹುದು, ಅದನ್ನು ತಿದ್ದಬೇಕೆಂದು ವಾದಿಸಬಹುದು. ನಮ್ಮವಳೆಂದು ಮುರಿಯಬೇಕಿತ್ತೆಂದು ಹೇಳಬಾರದು. ಪದಕವು ಹೋಯಿತು, ಹಿಂದಿನ ದಿನ ಸುಸಾಕಿಯನ್ನು ಗೆದ್ದದ್ದು ಹೋಗಲಿಲ್ಲ.

ಇನ್ನೊಂದನ್ನು ಹೇಳಿ ತೂಕವನ್ನು ಮುಗಿಸುವೆವು. 2021ರ ಆಗಸ್ಟಿನಲ್ಲಿ ಟೋಕಿಯೋದಲ್ಲಿ ರವಿ ದಹಿಯಾನು ಕಜಾಕಸ್ತಾನದ ಸನಾಯೇವನಿಗೆ 2ಕ್ಕೆ 9ರಿಂದ ಹಿಂದೆ ಬಿದ್ದಿದ್ದನು. ಉಳಿದದ್ದು ನಿಮಿಷದೊಳಗಿನ ಹೊತ್ತು. ಅಂಕಗಳನ್ನೆಣಿಸುತ್ತ ಕುಳಿತಿದ್ದರೆ ಸೋಲೇ ಸರಿ. ರವಿಯು ಅಂಕವನ್ನು ಬಿಟ್ಟು ನಮ್ಮ ಮಣ್ಣಿನ ಹಳೆಯ ಕಟ್ಟಳೆಯನ್ನೇ ಹಿಡಿದನು: ಬೆನ್ನು ನೆಲಕ್ಕೆ ಹತ್ತಿಸು, ಮಿಕ್ಕದ್ದನ್ನು ಕೇಳಬೇಡ. ಕೆಳಗೆ ಸಿಕ್ಕವನು ಬಿಡಿಸಿಕೊಳ್ಳಲು ತೋಳನ್ನು ಕಚ್ಚಿದನು. ರವಿಯು ಹಿಡಿತವನ್ನು ಸಡಿಲಿಸಲೂ ಇಲ್ಲ, ತಿರುಗಿ ಹೊಡೆಯಲೂ ಇಲ್ಲ. ಚಿತ್ತು ಮಾಡಿ ಎದ್ದನು.

ಹಾಗಾದರೆ ನಿಮ್ಮ ತೀರ್ಪೇನು ಎಂದು ಕೇಳುವಿರಿ. ಜೋಡು, ನಿಯಮ, ನಿಜ, ನಡತೆ ಈ ನಾಲ್ಕು ಬಟ್ಟುಗಳಿಂದ ತೂಗಿದರೆ ನಮ್ಮ ಕಾಲದ ಕುಸ್ತಿಗಳಲ್ಲಿ ರವಿಯ ಟೋಕಿಯೋದ ಕುಸ್ತಿಗೆ ನಾವು ಮೊದಲ ತಾಂಬೂಲವನ್ನು ಕೊಡುವೆವು. ಚಾತುರ್ಯದಲ್ಲಿ ವಿನೇಶಳದು ಅದಕ್ಕೆ ಸಮ. ಹಳೆಯ ಕಾಲದಲ್ಲಿ ಗಾಮಾ ಜಿಬಿಸ್ಕೋ ಇವರ ಹದಿನೇಳು ವರುಷದ ಲೆಕ್ಕವು ದೊಡ್ಡದು. ಮನೀಲಾದ್ದು ಇವೆಲ್ಲಕ್ಕಿಂತ ಘನವಾದುದಾದರೂ ಅದನ್ನು ಮತ್ತೊಮ್ಮೆ ನೋಡಬೇಕೆಂಬ ಆಸೆಯು ನಮಗಿಲ್ಲ. ಇದನ್ನು ಒಪ್ಪದವರು ಈ ಸಭೆಯಲ್ಲಿಯೇ ಇದ್ದಾರೆಂದು ಮೋರೆಗಳಿಂದ ತಿಳಿಯುವದು. ಒಪ್ಪಬೇಡಿರಿ, ನಿಮ್ಮದೊಂದು ತಕ್ಕಡಿಯನ್ನು ತನ್ನಿರಿ. ತಕ್ಕಡಿಯೇ ಇಲ್ಲದೆ ಕೂಗಬೇಡಿರಿ, ಇಷ್ಟೇ ನಮ್ಮ ಬಿನ್ನಹ.

ಕಡೆಯದಾಗಿ ನಮ್ಮ ಊರುಗಳ ವಿಷಯ. ಕಾಲುವೆಯ ನೀರು ಬಂದು ಮಾನವಿ ಸೀಮೆಯ ಎರೆಹೊಲಗಳಲ್ಲಿ ನೆಲ್ಲು ಬೆಳೆಯಿತು. ಕೈಯಲ್ಲಿ ದುಡ್ಡು ಆಡಿತು. ಆದರೆ ಗರಡಿಯ ಕೆಮ್ಮಣ್ಣು ಹಲವೆಡೆ ಒಣಗಿ ಗಟ್ಟಿಯಾಗಿದೆ. ಜಾತ್ರೆಯ ದಿನ ಮಾತ್ರ ಕುಸ್ತಿ ಬೇಕು. ಉಳಿದ ದಿನ ಸಾಮು ಮಾಡುವ ಹುಡುಗನನ್ನು ಕಂಡರೆ ಕೆಲಸವಿಲ್ಲದವನೆನ್ನುವರು. ಜಾತ್ರೆಯಲ್ಲಾದರೂ ತೂಕ ನೋಡದೆ ಜೋಡು ಕಟ್ಟುವದು, ದೊಡ್ಡ ಹೆಸರಿನವನಿಗೆ ಬೆಳ್ಳಿಯ ಕಡಗ ಮೊದಲೇ ಗೊತ್ತುಮಾಡುವದು, ಬಿದ್ದ ಹುಡುಗನನ್ನು ಜಾತಿ ಹಿಡಿದು, ಕೇರಿ ಹಿಡಿದು ಹೀಯಾಳಿಸುವದು ಇವೆಲ್ಲವನ್ನು ನಾವು ನೋಡಿಲ್ಲವೆ? ಇದರಿಂದ ಕುಸ್ತಿಯು ಸಾಯುವದಲ್ಲದೆ ಊರಿನಲ್ಲಿ ಹಗೆಯು ಹುಟ್ಟುವದು. ಒಂದೇ ಮಣ್ಣಿನಲ್ಲಿ ಎಲ್ಲ ಕೇರಿಯವರೂ ಮೈ ಹತ್ತಿಸಿ ಹೊರಳುವ ಜಾಗವು ಊರಿನಲ್ಲಿ ಗರಡಿಯೊಂದೇ. ಅಲ್ಲಿ ಮೈಗೆ ಮೈ ತಗಲದೆ ವಿದ್ಯೆಯೇ ಇಲ್ಲ. ಆ ಜಾಗವನ್ನೂ ಕೆಡಿಸಿಕೊಂಡರೆ ನಮಗೆ ಉಳಿಯುವದೇನು?

ಶಿಕ್ಷಕಬಂಧುಗಳಿಗೆ ಒಂದು ನಿದರ್ಶನವನ್ನು ಒಪ್ಪಿಸುವೆವು. ಕರಾಡದ ಹತ್ತಿರದ ಗೋಳೇಶ್ವರದ ಖಾಶಾಬಾ ಜಾಧವನು 1948ರಲ್ಲಿ ಲಂಡನ್ನಿನಲ್ಲಿ, ರೂಢಿಯಿಲ್ಲದ ಗಾದಿಯ ಮೇಲೆ ಹಿಡಿದು ಆರನೆಯವನಾದನು. 1952ರಲ್ಲಿ ಹೆಲ್ಸಿಂಕಿಗೆ ಹೋಗಲು ಹಣವಿರಲಿಲ್ಲ. ಊರವರು ವಂತಿಗೆ ಕೂಡಿಸಿದರು. ಅವನು ಓದಿದ ಕೊಲ್ಹಾಪುರದ ರಾಜಾರಾಮ ಕಾಲೇಜಿನ ಪ್ರಿನ್ಸಿಪಾಲರು ತಮ್ಮ ಮನೆಯನ್ನು ಒತ್ತೆಯಿಟ್ಟು ಏಳು ಸಾವಿರ ರೂಪಾಯಿ ಕೊಟ್ಟರು. ಜಾಧವನು ಕಂಚಿನ ಪದಕದೊಡನೆ ತಿರುಗಿದನು. ಸ್ವತಂತ್ರ ಭಾರತಕ್ಕೆ ಒಬ್ಬನೇ ಗಳಿಸಿ ತಂದ ಮೊದಲ ಒಲಿಂಪಿಕ ಪದಕವದು. ನಮ್ಮ ಬಾಗಿಲಕೋಟೆ ಜಿಲ್ಲೆಯ ಅರ್ಜುನ ಹಲಕುರ್ಕಿಯು 2020ರಲ್ಲಿ ದಿಲ್ಲಿಯ ಏಶಿಯಾ ಪಂದ್ಯದಲ್ಲಿ ಕಂಚು ಗೆದ್ದುದನ್ನು ನೋಡಿದರೆ, ಈ ನೆಲದಲ್ಲಿ ಬೀಜಕ್ಕೇನೂ ಕೊರತೆಯಿಲ್ಲ. ಒತ್ತೆಯಿಡಲು ನಾವು ನಿಮ್ಮ ಮನೆಗಳನ್ನು ಕೇಳುವದಿಲ್ಲ. ಶಾಲೆಯ ಅಂಗಳದ ಒಂದು ಮೂಲೆ, ನಾಲ್ಕು ಬಂಡಿ ಕೆಮ್ಮಣ್ಣು, ಸಂಜೆಯ ಒಂದು ತಾಸು ಇಷ್ಟನ್ನು ಕೇಳುವೆವು. ಕೂಡಿದರೆ ಒಂದು ಗಾದಿಯನ್ನೂ ತರಿಸಿರಿ, ಯಾಕಂದರೆ ಮಣ್ಣಿನಲ್ಲಿ ಕಲಿತವನು ಹೊರಗೆ ಹಿಡಿಯಬೇಕಾದುದು ಗಾದಿಯ ಮೇಲೆ. ಹೆಣ್ಣುಮಕ್ಕಳಿಗೂ ಅಲ್ಲಿ ಹೊತ್ತು ಇರಲಿ.

ಜಾತ್ರೆಯ ಹಿರಿಯರಲ್ಲಿ ನಮ್ಮ ಬೇಡಿಕೆಯು ಇನ್ನೂ ಚಿಕ್ಕದು. ಬರುವ ಜಾತ್ರೆಯಲ್ಲಿ ಜೋಡು ಕಟ್ಟುವ ಮುಂಚೆ ಹುಡುಗರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿರಿ. ನಿಯಮಗಳನ್ನು ಹಲಗೆಯ ಸದ್ದಿಗೆ ಮೊದಲು ಎಲ್ಲರಿಗೂ ಕೇಳುವಂತೆ ಕನ್ನಡದಲ್ಲಿ ಓದಿಸಿರಿ. ಚೆನ್ನಾಗಿ ಹಿಡಿದು ಬಿದ್ದವನಿಗೂ ಒಂದು ಬಟ್ಟೆಯನ್ನು ಹೊದಿಸಿರಿ. ವಿಜಯನಗರದ ಅರಸರು ಹೆಚ್ಚು ನೊಂದವನಿಗೆ ರೇಶಿಮೆಯನ್ನೇ ಕೊಡುತ್ತಿದ್ದರು, ನಾವು ನೂಲಿನದನ್ನಾದರೂ ಕೊಡೋಣ. ಮೊದಲ ಬಟ್ಟೆಯ ಬೆಲೆಯನ್ನು ನಾವೇ ಕೊಡುವೆವು. ನೀವು ಒಪ್ಪಿದಿರೆಂಬ ನಂಬಿಗೆಯಿಂದ ಕೈಮುಗಿದು ನಮ್ಮ ಮಾತನ್ನು ಇಲ್ಲಿಗೆ ನಿಲ್ಲಿಸುವೆವು.